ಅತಿಥಿಗಳಿಗಾಗಿ ಇನ್ನೊಮ್ಮೆ ಓಡಿದ್ದು

ಓಡುವುದು ಆರೋಗ್ಯಕ್ಕೆ ಒಳ್ಳೆಯದೆಂದು ಹೇಳುವವರು ಸಾಮಾನ್ಯವಾಗಿ ಕುಳಿತುಕೊಂಡೇ ಹೇಳುತ್ತಾರೆ. ನಾನೂ ಆ ಪಂಗಡದವನೇ. ಹತ್ತಬೇಕಾದ ಬಸ್ಸು ಹೊರಟುಬಿಟ್ಟರೆ ಕೈ ಬೀಸುತ್ತೇನೆಯೇ ಹೊರತು ಹಿಂದೆ ಓಡುವುದಿಲ್ಲ. ಅಂಥವನು ಮುಳಬಾಗಿಲಿನ ಬೀದಿಯಲ್ಲಿ, ಹೊಟ್ಟೆಗೆ ಅಂಟಿಕೊಂಡ ಬಿಳಿ ಟೀ ಶರ್ಟು ತೊಟ್ಟು ಓಡಬೇಕಾಗಿ ಬಂದದ್ದು ನಮ್ಮ ಅಕ್ಕ ಸರೋಜಮ್ಮನ ದೆಸೆಯಿಂದ.

ಅಕ್ಕನಿಗೆ ಕ್ಯಾನ್ಸರ್ ಆಗಿತ್ತು. ಬೆಂಗಳೂರಿಗೆ ಅಲೆದು, ಕೀಮೋ ಹಾಕಿಸಿಕೊಂಡು, ಈಗ ಗುಣವಾಗಿ ನಮ್ಮ ಮನೆಯಲ್ಲೇ ಇದ್ದಾಳೆ. ಊರಿನ ಸಂಘವೊಂದು ಬಡ ಕ್ಯಾನ್ಸರ್ ರೋಗಿಗಳ ಚಿಕಿತ್ಸೆಗೆ ಹಣ ಕೂಡಿಸಲು ಓಟ ಏರ್ಪಡಿಸಿತು. ಸಂಘದ ಅಧ್ಯಕ್ಷರು ಚಪ್ಪಲಿ ಅಂಗಡಿಯ ನಾರಾಯಣಸ್ವಾಮಿ. ಓಟದ ಯೋಚನೆ ಹೊಳೆದದ್ದೂ ಅವರಿಗೇ, ಬೂಟುಗಳ ಹೊಸ ಮಾಲು ಬಂದಿಳಿದದ್ದೂ ಅವರಲ್ಲಿಗೇ. ಅವರು ಮನೆಗೆ ಬಂದು ಅಕ್ಕನಿಗೆ ಕೈ ಮುಗಿದರು.

"ಅಮ್ಮಾ, ನೀವು ವೇದಿಕೆ ಮೇಲೆ ಕೂತ್ಕೊಂಡ್ರೆ ಸಾಕು. ಜನಕ್ಕೆ ಸ್ಫೂರ್ತಿ."

"ಸ್ಫೂರ್ತಿ ಅಂದ್ರೆ ನಾನೇನ್ ಮಾಡ್ಬೇಕಪ್ಪಾ?"

"ಏನೂ ಬೇಡಮ್ಮ. ಸ್ವಲ್ಪ ಸುಸ್ತಾದಂಗೆ ಕಂಡ್ರೆ ಆಯ್ತು."

ಅಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬೇಕಾದ್ರೆ ಕೂತ್ಕೋತೀನಿ, ಸುಸ್ತಾಗೋದೆಲ್ಲ ನಂಗೆ ಬರಲ್ಲ. ನಮ್ಮ ಶೀನನ್ನ ಓಡಿಸ್ತೀನಿ, ಅವನು ಚೆನ್ನಾಗಿ ಸುಸ್ತಾಗ್ತಾನೆ" ಎಂದಳು. ನನ್ನನ್ನು ಯಾರೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಜನ ಸೇರಿದರು. ಮುಖ್ಯ ಅತಿಥಿಗಳು ಮಾತ್ರ ಬೆಂಗಳೂರಿನಿಂದ ಬರುತ್ತಲೇ ಇದ್ದರು. "ಅಣ್ಣೋರು ನರಸಾಪುರ ದಾಟವ್ರೆ" ಎಂದು ಮೈಕಿನಲ್ಲಿ ಸಾರಿದ ನಾರಾಯಣಸ್ವಾಮಿ, ಬಿಸಿಲು ನೆತ್ತಿ ಸುಡತೊಡಗಿದಾಗಲೂ ಅದನ್ನೇ ಸಾರಿದರು. ವೇದಿಕೆಗೆ ನೆರಳಿರಲಿಲ್ಲ. ಹಾಕಬೇಕಾಗಿದ್ದ ಬಟ್ಟೆಯೆಲ್ಲ ಅತಿಥಿಗಳ ಮುಖವಿದ್ದ ಬ್ಯಾನರಿಗೆ ಖರ್ಚಾಗಿತ್ತೋ ಏನೋ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ಅಕ್ಕನ ಮುಖ ಕೆಂಪಾಗುತ್ತಿತ್ತು. ನನಗೆ ದಿಗಿಲಾಯಿತು. "ಮನೆಗೆ ಹೋಗೋಣ ಬಾ" ಎಂದೆ. ಅವಳು ಎದ್ದಳು. ಆದರೆ ಮೆಟ್ಟಿಲ ಕಡೆಗಲ್ಲ, ಹಸಿರು ಬಾವುಟವಿದ್ದ ಮೇಜಿನ ಕಡೆಗೆ.

"ಅಯ್ಯೋ, ಅಮ್ಮಾ, ಅಣ್ಣೋರು..."

"ಏಮಯ್ಯಾ ನಾರಾಯಣಸ್ವಾಮಿ, ರೋಗದ ಕೈಯಿಂದ ತಪ್ಪಿಸ್ಕೊಂಡು ಬಂದಿರೋಳು ನಾನು. ನಿಮ್ಮಣ್ಣನ್ನ ಕಾಯ್ತಾ ಬಿಸಿಲಲ್ಲಿ ಸಾಯ್ಲಾ?" ಎಂದು ಅಕ್ಕ ಬಾವುಟ ಬೀಸಿಯೇ ಬಿಟ್ಟಳು.

ಜನ ಹೋ ಎಂದು ಓಡಿದರು. "ನಿಲ್ರೀ, ನಿಲ್ರೀ" ಎಂದು ತಡೆಯಲು ಹೋದ ನಾರಾಯಣಸ್ವಾಮಿ ಎಲ್ಲರಿಗಿಂತ ಮುಂದಾದರು. ನಾನು ಮೊದಲು ಸಿಕ್ಕ ಬೇಕರಿಯ ಕಂಬ ಹಿಡಿದು ನಿಂತೆ.

ಅಷ್ಟರಲ್ಲಿ ಕಾರುಗಳು ಬಂದವು. ಅತಿಥಿಗಳು ಇಳಿದು ನೋಡಿದರೆ ಓಡಿಸಲು ಜನವೇ ಇಲ್ಲ. ಕಣ್ಣಿಗೆ ಬಿದ್ದವನು ನಾನೊಬ್ಬ. ಅವರ ಹುಡುಗರು ನನ್ನ ರಟ್ಟೆ ಹಿಡಿದು ವಾಪಸು ತಂದು ಗೆರೆಯ ಮೇಲೆ ನಿಲ್ಲಿಸಿದರು. ಅತಿಥಿಗಳು ಬಾವುಟ ಬೀಸಿದರು, ಓಡಿದೆ. ಫೋಟೋ ಸರಿಯಾಗಿ ಬರಲಿಲ್ಲವೆಂದು ಕರೆತಂದರು, ಮತ್ತೆ ಓಡಿದೆ. ಕೊನೆಗೆ ನಾನು ಬಗ್ಗಿ ಏದುಸಿರು ಬಿಡುತ್ತಿದ್ದಾಗ ನನ್ನ ತಲೆಯ ಮೇಲೆ ಕೈಯಿಟ್ಟು ಇನ್ನೊಂದು ಫೋಟೋ ತೆಗೆಸಿಕೊಂಡರು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಮರುದಿನ ಪತ್ರಿಕೆಯಲ್ಲಿ ಆ ಫೋಟೋ ಬಂತು. ಕೆಳಗೆ ಹೀಗಿತ್ತು: 'ಕ್ಯಾನ್ಸರ್ ರೋಗಿಗೆ ಅಭಯಹಸ್ತ'.

ಮಧ್ಯಾಹ್ನದೊಳಗೆ ಬೀದಿಯೆಲ್ಲ ನಮ್ಮ ಮನೆಯಲ್ಲಿತ್ತು. ಮೂಸಂಬಿ, ಸಪೋಟ, ಎಳನೀರು. ಅಕ್ಕ ಹಾಸಿಗೆ ಹಿಡಿದಿದ್ದಾಗ ಗಾಳಿಗೂ ರೋಗ ಹರಡೀತೆಂದು ನಮ್ಮ ಕಡೆಯ ಕಿಟಕಿ ಮುಚ್ಚಿಕೊಂಡಿದ್ದವರು ಇವರೇ.

ಅಕ್ಕ ಮೂಸಂಬಿ ಸುಲಿಯುತ್ತ, "ಲೇ ಶೀನ, ನಂಗೆ ರೋಗ ಬಂದಾಗ ಪೇಪರ್‌ನಲ್ಲಿ ಫೋಟೋ ಹಾಕ್ಸೋದು ಮರ್ತೇಬಿಟ್ಟೆ ಕಣೋ" ಎಂದಳು. ದನಿಯಲ್ಲಿ ನಗುವಿತ್ತು, ಕಣ್ಣಲ್ಲಿರಲಿಲ್ಲ.

ನನಗೇನೂ ಆಗಿಲ್ಲವೆಂದು ಎಲ್ಲರೆದುರು ಹೇಳಿ, ಅವರ ಮುಖದ ನೀರಿಳಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಎದುರುಮನೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ ಪಾಪ, ಎಷ್ಟು ಸಣ್ಣಗಾಗ್ಬಿಟ್ಟಿದ್ದೀರಿ!" ಎಂದರು.

ಹುಟ್ಟಿದಾಗಿನಿಂದ ನನಗೆ ಯಾರೂ ಈ ಮಾತು ಹೇಳಿರಲಿಲ್ಲ. ನಾನು ಮೆಲ್ಲಗೆ ದಿಂಬಿಗೆ ಒರಗಿ, ಆಕೆ ಅದನ್ನು ಇನ್ನೊಮ್ಮೆ ಹೇಳಲೆಂದು ಕೆಮ್ಮಿದೆ.