ಮಾವ ಮತ್ತು ಕಡೆಯ ನಾಲ್ಕು ಪುಟ

ನನ್ನ ಸೋದರಮಾವನಿಗೆ ತಲೆ ನೆಟ್ಟಗಿಲ್ಲ ಎಂದು ನಾನು ಹೇಳುವವಳಲ್ಲ. ಹಾಗೆ ಹೇಳಲು ಅತ್ತೆ ಇದ್ದಾಳೆ, ಬಸ್ಸಿನ ಡ್ರೈವರ್ ಇದ್ದಾನೆ, ಕುಮಟಾದಿಂದ ಭಟ್ಕಳದವರೆಗಿನ ಅರ್ಧ ಪ್ರಯಾಣಿಕರಿದ್ದಾರೆ. ನಡುವೆ ನಾನ್ಯಾಕೆ? ನಾನು ಹೇಳುವುದಿಷ್ಟೇ: ಐವತ್ತರ ಹತ್ತಿರ ಬಂದ, ಮೀಸೆ ನರೆತ, ಕೊರಳಿಗೆ ಟಿಕೆಟ್ ಚೀಲ ಹಾಕಿಕೊಂಡ ಈ ಬಸ್ ಕಂಡಕ್ಟರು ಓದುತ್ತಿದ್ದುದು ಮಕ್ಕಳ ಚಿತ್ರಕಥೆ. ಅದನ್ನೂ ಹಿಂದಿನಿಂದ ಮುಂದಕ್ಕೆ!

ಹೌದು, ಮೊದಲು ಕಡೆಯ ಪುಟ. ಅದು ಮುಗಿದ ಮೇಲೇ ಮೊದಲ ಪುಟ. ಹುಟ್ಟುಗುಣವಂತೆ.

"ಮಾವ, ಕಡೆಗೆ ಎಂತ ಆಗ್ತದೆ ಅಂತ ಗೊತ್ತಾದ ಮೇಲೆ ಓದೂದು ಎಂತಕೆ?" ಎಂದು ಒಮ್ಮೆ ಕೇಳಿದೆ.

"ಬೋರ್ಡು ನೋಡದೇ ಯಾರಾದ್ರೂ ಬಸ್ಸು ಹತ್ತುತ್ತಾರಾ ಮಗಾ?" ಎಂದ. ಈ ಮನುಷ್ಯನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಆಗ ಕೊಂಕಣ ರೈಲು ಬಂದ ಹೊಸತು. ಹಳೆಯ ಚಿತ್ರಕಥೆಗಳನ್ನೆಲ್ಲ ಮತ್ತೆ ಅಚ್ಚು ಹಾಕುವ ಹುರುಪು ಶುರುವಾಗಿತ್ತು. ಕುಮಟಾ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗೆ ಕಟ್ಟು ಬಂದಿಳಿಯಿತೆಂದರೆ ಮಾವನೂ ಬಸ್ಸಿನಿಂದ ಇಳಿದ! ಒಂದು ದಿನ ಹಾಗೆ ಇಳಿದವ ಹಳೆಯ ಪ್ರತಿಯನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು ತಾಳೆ ನೋಡುತ್ತ ನಿಂತುಬಿಟ್ಟ. ಯಾರೋ ಪುಣ್ಯಾತ್ಮ ಹಿಂದಿನ ಸೀಟಿನಿಂದ "ರೈಟ್!" ಅಂದ. ಬಸ್ಸು ಹೊರಟೇ ಹೋಯಿತು. ಹಳದೀಪುರ ದಾಟುವಾಗ ಒಬ್ಬ ಅಜ್ಜಿ "ಟಿಕೀಟು ಕೊಡೋನು ಎಲ್ಲಿ ಹೋದಾ?" ಎಂದು ಕೇಳಿದಾಗಲೇ ಡ್ರೈವರಿಗೆ ಅರಿವಾದದ್ದು. ಅಷ್ಟರಲ್ಲಿ ಹಿಂದೆ ಒಂದು ಮೀನಿನ ಟೆಂಪೋ ಹಾರ್ನ್ ಹೊಡೆಯುತ್ತ ಬಂತು. ಅದರಿಂದ ಕಂಡಕ್ಟರ್ ಸಾಹೇಬರು ಇಳಿದರು.

"ಎಂತಾ ಆಗಿತ್ತೋ ನಿಂಗೆ?" ಎಂದು ಡ್ರೈವರ್ ಕೂಗಿದ.

"ಅನ್ಯಾಯ ಮಾರಾಯಾ! ಹೊಸ ಮುದ್ರಣದಲ್ಲಿ ರಾಕ್ಷಸನ ಮೀಸೆ ಬೋಳಿಸಿದಾರೆ!"

ಡಿಪೋದಿಂದ ಮೆಮೊ ಬಂತು. ಅದನ್ನೂ ಮಾವ ಕಡೆಯಿಂದಲೇ ಓದಿದ, ಮೊದಲು ಸಹಿ, ಆಮೇಲೆ ಬೈಗುಳ.

ಭಟ್ಕಳದಲ್ಲಿ ಅವನಿಗೊಬ್ಬ ಜೊತೆಗಾರ ಸಿಕ್ಕಿದ್ದ. ಹಳೇ ಪೇಪರ್ ಅಂಗಡಿಯ ಸಾಹೇಬರು. ರದ್ದಿಯಲ್ಲಿ ಚಿತ್ರ ಕಂಡರೆ ಮಾವನಿಗೆಂದು ತೆಗೆದಿಡುತ್ತಿದ್ದರು. ದುಬೈಯಿಂದ ಬಂದ ಯಾರೋ ಬಿಟ್ಟುಹೋದ ದಪ್ಪ ಪುಸ್ತಕವೊಂದನ್ನು ಒಮ್ಮೆ ಅವನ ಮುಂದಿಟ್ಟರು.

"ಇದು ಕಾಮಿಕ್ ಅಲ್ಲ ಭಾಯಿ, ಗ್ರಾಫಿಕ್ ನಾವೆಲ್. ಈಗ ಹೊಸಾದು."

ಮಾವ ಹಿಂದಿನಿಂದ ತಿರುವಿದ. ಒಬ್ಬ ಮನುಷ್ಯ ಕಿಟಕಿಯ ಹತ್ತಿರ ಕೂತು ಕಾಫಿ ಕುಡಿಯುತ್ತಿದ್ದ. ಹಿಂದಿನ ಪುಟದಲ್ಲೂ ಅದೇ. ಅದರ ಹಿಂದಿನದರಲ್ಲೂ ಅದೇ.

"ಆರು ಪುಟ ಕಾಫಿ ಕುಡಿದ್ನಲ್ಲ ಇವ! ನಮ್ಮ ಬಸ್ಸು ಇಷ್ಟು ಹೊತ್ತು ನಿಂತ್ರೆ ಜನ ನನ್ನ ಬಿಡ್ತಾರಾ ಸಾಹೇಬ್ರೆ?"

ಬೈದದ್ದೇನೋ ಬೈದ. ಆದರೆ ಅದನ್ನು ಮನೆಗೆ ತಂದು ಮೂರು ಸಲ ಓದಿದ. ಇಂಗ್ಲಿಷ್ ಅರ್ಧ ತಿಳಿಯದಿದ್ದರೂ ಕಾಫಿ ಪೂರ್ತಿ ತಿಳಿಯಿತಂತೆ.

ಇಷ್ಟೆಲ್ಲ ಹುಡುಕಾಟ ಒಂದೇ ಪುಸ್ತಕಕ್ಕಾಗಿ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಅದೊಂದು ದೋಣಿಯ ಕಥೆ. ಸಮುದ್ರದಲ್ಲಿ ಕಳೆದುಹೋದ ತಮ್ಮನನ್ನು ಹುಡುಕಲು ಹುಡುಗಿಯೊಬ್ಬಳು ತೂಫಾನಿನಲ್ಲಿ ಹೊರಡುತ್ತಾಳೆ. ಚಿಕ್ಕಂದಿನಲ್ಲಿ ಕಾಸರಕೋಡಿನ ಅಜ್ಜನ ಮನೆಯಲ್ಲಿ ಆಯಿ, ಅಂದರೆ ನನ್ನ ತಾಯಿ, ಅದನ್ನು ಒಲೆಯ ಮುಂದೆ ಕೂತು ಓದುತ್ತಿದ್ದಳಂತೆ. ಮಾವ ಅವಳ ತಮ್ಮ. "ನಂಗೆ ಕೊಡು" ಎಂದು ಎಳೆದ. ಅವಳೂ ಎಳೆದಳು. ಕಡೆಯ ನಾಲ್ಕು ಪುಟ ಕಿತ್ತು ಒಲೆಗೇ ಬಿದ್ದವು. ಆ ಹುಡುಗಿ ದಡ ಸೇರಿದಳೋ ಇಲ್ಲವೋ, ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಆಮೇಲೆ ಆ ಪುಸ್ತಕ ಎಲ್ಲೂ ಕಣ್ಣಿಗೆ ಬೀಳಲಿಲ್ಲ.

ಮಾವ ಸುಮ್ಮನೆ ಬಿಡುವ ಪೈಕಿಯೇ? ಪ್ರಕಾಶಕರಿಗೆ ತಿಂಗಳು ತಿಂಗಳು ಕಾರ್ಡು ಬರೆದ. "ದೋಣಿ ಕಥೆ ಮತ್ತೆ ಅಚ್ಚು ಹಾಕಿ." ಒಬ್ಬನೇ ಕೇಳಿದರೆ ಬೆಲೆಯಿಲ್ಲವೆಂದು ಒಂದನ್ನು ಅತ್ತೆಯ ಹೆಸರಲ್ಲಿ, ಒಂದನ್ನು ಡ್ರೈವರನ ಹೆಸರಲ್ಲಿ, ಒಂದನ್ನು ನನ್ನ ಹೆಸರಲ್ಲಿ ಬರೆದ. ಕಡೆಗೆ ತೀರಿಹೋದ ಅಜ್ಜನನ್ನೂ ಬಿಡಲಿಲ್ಲ! ಅಕ್ಷರ ಮಾತ್ರ ಎಲ್ಲದರಲ್ಲೂ ಒಂದೇ. ವರ್ಷಗಳು ಕಳೆದ ಮೇಲೆ ಉತ್ತರ ಬಂತು, ಅದೂ ಅಜ್ಜನ ಹೆಸರಿಗೆ. "ನಿಮ್ಮ ಊರಿನಲ್ಲಿ ಇಷ್ಟೊಂದು ಓದುಗರಿರುವುದು ಸಂತೋಷ. ತಾವೇ ಏಜೆನ್ಸಿ ಏಕೆ ತೆಗೆದುಕೊಳ್ಳಬಾರದು?" ಕೆಳಗೆ ಇನ್ನೊಂದು ಸಾಲಿತ್ತು. ಮಾವ ಕಡೆಯಿಂದ ಓದುವವನಾದ್ದರಿಂದ ಅದನ್ನೇ ಮೊದಲು ಓದಿದ್ದ: ಪುಸ್ತಕ ನವರಾತ್ರಿಯ ಹೊತ್ತಿಗೆ ಬರುತ್ತದೆ.

ಬಂತು. ಆದರೆ ಬಂದದ್ದು ಎಂದು? ಶಾರದಾ ಪೂಜೆಗೆ ಪುಸ್ತಕ ಇಡುವ ದಿನ! ನಾನೂ ಆಯಿಯೂ ನಮ್ಮೂರು ಹೊಳನಗದ್ದೆಯಿಂದ ಹಬ್ಬಕ್ಕೆಂದು ಕಾಸರಕೋಡಿಗೆ, ಮಾವನ ಮನೆಗೆ ಬಂದಿದ್ದೆವು. ಮಾವ ಕಟ್ಟು ಹಿಡಿದು ಮನೆಯೊಳಗೆ ಕಾಲಿಟ್ಟದ್ದೇ ತಡ, ಅತ್ತೆ ಅದನ್ನು ಕಸಿದು, ಕಾಗದ ಬಿಚ್ಚಿ, ದೇವರ ಮುಂದಿನ ಪುಸ್ತಕಗಳ ಮೇಲಿಟ್ಟು ಕುಂಕುಮ ಹಚ್ಚಿಯೇಬಿಟ್ಟಳು.

"ಆತು. ಇನ್ನು ದಶಮಿವರೆಗೆ ಮುಟ್ಟೂಕಿಲ್ಲ."

ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ತನಕ ಯಾರೂ ಓದುವಂತಿಲ್ಲ. ನಾವು ಮಕ್ಕಳಾಗಿದ್ದಾಗ ಇದಕ್ಕಿಂತ ಒಳ್ಳೆಯ ಕಾನೂನು ಇರಲಿಲ್ಲ! ಮಾವ ಈಗ ಹಾರಾಡುತ್ತಾನೆ ಎಂದುಕೊಂಡೆ. ಇಲ್ಲ. "ಆತು ಹಾಗಾದ್ರೆ, ಕಾಯ್ವಾ" ಎಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಅಂಗಡಿಯಲ್ಲೇ ನಿಂತು ಕಡೆಯ ಪುಟ ನೋಡುವ ಮನುಷ್ಯ ಇವತ್ತು ಕಟ್ಟನ್ನೇ ಬಿಚ್ಚದೆ ತಂದಿದ್ದ!

ತಡೆಯಲಾಗದವಳು ಆಯಿ. "ದೀಪಕ್ಕೆ ಎಣ್ಣೆ ಅದೆಯಾ ನೋಡ್ತೆ" ಎಂದು ಗಳಿಗೆಗೊಮ್ಮೆ ದೇವರ ಕೋಣೆಗೆ ಹೋಗುತ್ತಿದ್ದಳು. ಆ ನವರಾತ್ರಿಯಲ್ಲಿ ನಮ್ಮ ದೀಪ ಕುಡಿದಷ್ಟು ಎಣ್ಣೆಯನ್ನು ಯಾವ ದೀಪವೂ ಕುಡಿದಿರಲಿಕ್ಕಿಲ್ಲ.

ದಶಮಿಯ ಬೆಳಿಗ್ಗೆ ಮಂಗಳಾರತಿ ಆಯಿತು. ಮಾವ ಪುಸ್ತಕ ತೆಗೆದು ನೇರ ಆಯಿಯ ಕೈಯಲ್ಲಿಟ್ಟ. "ಅಕ್ಕಾ, ಮೊದಲು ನೀನು."

ಆಯಿ ಜಗಲಿಯಲ್ಲಿ ಕೂತು ಮೊದಲ ಪುಟ ತೆರೆದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಿದ್ದಳು. ನಾನು ಮಾವನ ಪಕ್ಕ ಸರಿದು ಪಿಸುಗುಟ್ಟಿದೆ: "ಇಷ್ಟು ವರ್ಷ ಕಾದವ ನೀನು. ಕಡೆಗೆ ಎಂತ ಆತು ಅಂತ ನಿಂಗೆ ನೋಡೂದು ಬೇಡ್ವಾ?"

"ನಂಗೆ ಗೊತ್ತಿತ್ತು ಮಗಾ."

"ಎಂತಾ!"

"ನಾ ಕಡೇ ಪುಟ ಮೊದಲು ಓದೂವವ ಅಲ್ವಾ? ಅಪ್ಪ ಪುಸ್ತಕ ತಂದ ದಿನವೇ ಓದಿದ್ದೆ."

"ಹಾಗಾದ್ರೆ ಆಯಿಗೆ ಹೇಳೂಕೆ ಎಂತ ಆಗಿತ್ತು?"

ಮಾವ ಆಯಿಗೆ ಕೇಳದಂತೆ ದನಿ ತಗ್ಗಿಸಿದ. "ಎಳೆದು ಹರಿದವ ನಾನು. ಹೊಡೀತಾಳೆ ಅಂತ ಹೆದರಿ ನಾನೇ ಮೊದಲು ಅಳೂಕೆ ಶುರು ಮಾಡಿದೆ. ಅಕ್ಕ ಬೈಲಿಲ್ಲ. ನನ್ನ ಕಣ್ಣೊರೆಸಿ, 'ಪಾಪ, ನಿಂಗೂ ಕಡೇದು ಸಿಕ್ಕಲಿಲ್ಲ ತಮ್ಮಾ. ಅಳಬೇಡ, ಮತ್ತೊಂದು ಸಿಕ್ಕಿದಾಗ ಇಬ್ರೂ ಸೇರಿ ಓದ್ವಾ' ಅಂದ್ಲು. ನಾನು ಆಗಲೇ ಓದಿದ್ದೆ ಅಂತ ಹೇಗೆ ಹೇಳೂದು?"

ತಲೆ ನೆಟ್ಟಗಿಲ್ಲವೆಂದು ನಾವೆಲ್ಲ ನಕ್ಕ ಮನುಷ್ಯ ಇವನು.

ಅಷ್ಟರಲ್ಲಿ ಆಯಿ ಕಡೆಯ ಪುಟ ಮುಟ್ಟಿದ್ದಳು. ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡು ಕೂಗಿದಳು: "ತಮ್ಮಾ, ಬಾರೋ ಇಲ್ಲಿ! ದಡಕ್ಕೆ ಬಂದ್ಲೋ! ತಮ್ಮನನ್ನೂ ಕರಕೊಂಡೇ ಬಂದ್ಲು!"

ಮಾವ ಎದ್ದು ಓಡಿದ. ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಚಿತ್ರಕ್ಕೆ ಮುಖ ತಾಗುವಷ್ಟು ಬಗ್ಗಿ, ಕಣ್ಣರಳಿಸಿ ಕೇಳಿದ:

"ಹೌದನೇ ಅಕ್ಕಾ? ಎಲ್ಲಿ, ಎಲ್ಲಿ, ತೋರಿಸು!"