ಮಾರ್ಜಿನ್ ಬಿಟ್ಟ ಕನ್ನಡಕ

ಊರಿನ ಹೆಂಗಸರ ಅಳತೆಯೆಲ್ಲ ನನಗೆ ಬಾಯಿಪಾಠ. ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ಅವರ ಗಂಡಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಕೊಡಿಗೇನಹಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುವವಳಿಗೆ ಇಷ್ಟು ಜಂಬ ಇರಬಾರದೇ? ಆದರೆ ಸೂಜಿಗೆ ದಾರ ಪೋಣಿಸುವಾಗ ಕೈಯನ್ನು ದೂರ ದೂರ ಚಾಚುವ ಕಾಲ ಬಂತು. ಕಣ್ಣು ಮಂಜಾದ ಟೈಲರಮ್ಮನ ಹತ್ತಿರ ಯಾರು ಬಟ್ಟೆ ಕೊಟ್ಟಾರು?

ಅದಕ್ಕೇ ಎಲ್ಲ ಗುಟ್ಟಾಗಿ ನಡೆಯಿತು. ಹೊಳವನಹಳ್ಳಿಯ ಅಕ್ಕನ ಮನೆಗೆ ಹೋದ ನೆಪದಲ್ಲಿ ಅಲ್ಲಿನ ಶಿಬಿರದಲ್ಲಿ ಕಣ್ಣು ತೋರಿಸಿ ಚೀಟಿ ತಂದೆ. ಮಧುಗಿರಿಯ ಅಂಗಡಿಗೆ ಹೋದರೆ ಬಸ್ಸಿನಲ್ಲೇ ಸುದ್ದಿಯಾಗುತ್ತದೆಂದು ಮೊಬೈಲಿನಲ್ಲೇ ಕನ್ನಡಕ ಆರ್ಡರ್ ಮಾಡಲು ಕೂತೆ. ಅದು ಎರಡು ಕಣ್ಣಿನ ಪಾಪೆಗಳ ನಡುವೆ ಎಷ್ಟು ಮಿಲಿಮೀಟರ್ ಎಂದು ಕೇಳಿತು. ಸೊಂಟ ಕೇಳಿದ್ದರೆ ಹೇಳುತ್ತಿದ್ದೆ.

ಸ್ಕೇಲು ಕೊಟ್ಟು ಗಂಡನನ್ನು ಎದುರಿಗೆ ಕೂರಿಸಿಕೊಂಡೆ. ಅವರು ಒಂದು ಕಣ್ಣು ಮುಚ್ಚಿ, ನನ್ನ ಹುಬ್ಬಿನ ಮೇಲೆ ಸ್ಕೇಲಿಟ್ಟು, "ಅಲುಗಾಡಬ್ಯಾಡ ಕಣೇ, ನನ್ ಕಣ್ಣೇ ನೋಡು" ಎಂದರು. ಮದುವೆಯಾದಾಗಿನಿಂದ ನಾವು ಅಷ್ಟು ಹೊತ್ತು ಮುಖ ಮುಖ ನೋಡಿದ್ದೇ ಇಲ್ಲ. ನನಗೆ ನಗು ತಡೆಯಲಿಲ್ಲ. ಮೂರು ಸಲ ಅಳೆದು, "ಅರವತ್ತೆರಡು" ಎಂದರು ಪಾಪ, ಬೆವರೊರೆಸಿಕೊಂಡು.

ಕನ್ನಡಕ ಬಂತು. ಹಾಕಿಕೊಂಡರೆ ಕಣ್ಣು ಎಳೆದಂತಾಗಿ ತಲೆ ಸಿಡಿಯತೊಡಗಿತು. "ಒಂದು ಅಳತೆ ನೆಟ್ಟಗೆ ತಗೊಳ್ಳೋಕೆ ಬರಲ್ವಾ ನಿಮಗೆ?" ಎಂದು ಮೂರು ದಿನ ಗಂಡನ ಜೀವ ತಿಂದೆ. ಅವರು ಸ್ಕೇಲನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಕೊನೆಗೆ ಮಾನ ಬಿಟ್ಟು ಮಧುಗಿರಿಗೆ ಹೋದೆ. ಅಂಗಡಿಯವನು ನನ್ನ ಕಣ್ಣನ್ನೂ ಕನ್ನಡಕವನ್ನೂ ಅಳೆದು, "ಅರವತ್ತೆರಡು ಇರೋದಕ್ಕೆ ಅರವತ್ತೆಂಟು ಅಂತ ಯಾರಮ್ಮ ಕೊಟ್ಟಿದ್ದು?" ಎಂದ. ಆಗ ನೆನಪಾಯಿತು. ಮೊಬೈಲಿಗೆ ಅಂಕಿ ಒತ್ತಿದ್ದು ನಾನೇ. ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ, ಮೈ ತುಂಬಿಕೊಂಡರೆ ಬಿಚ್ಚಿಕೊಳ್ಳಲು ಬೇಕಾಗುತ್ತದೆ ಎಂದು ಯಾವ ಅಳತೆಗೂ ಒಂದಿಷ್ಟು ಮಾರ್ಜಿನ್ ಸೇರಿಸುವ ಕೈ, ಕಣ್ಣಿಗೂ ಸೇರಿಸಿಬಿಟ್ಟಿತ್ತು!

ಸರಿಯಾದ ಕನ್ನಡಕ ಬಂದ ದಿನ ಪಕ್ಕದ ಬೀದಿಯ ಗೌರಮ್ಮ, ನಾನು ಹೋದ ವರ್ಷ ಹೊಲಿದ ಬ್ಲೌಸನ್ನು ಸ್ವಲ್ಪ ಲೂಸ್ ಮಾಡಿಸಲು ತಂದರು. ನೋಡುತ್ತೇನೆ, ಹೊಲಿಗೆಯೆಲ್ಲ ಸೊಟ್ಟ. ನಡುನಡುವೆ ಯಾರೋ ಕೈಯಲ್ಲಿ ಹಾಕಿದ ಹೊಲಿಗೆ. "ಇದೇನ್ ಗೌರಮ್ಮಾ, ಹೇಳ್ಬಾರ್ದಾಗಿತ್ತಾ?" ಎಂದೆ.

"ನಿನ್ ಕಣ್ಣು ಸರಿಯಿಲ್ಲ ಅಂತ ಎಲ್ಲಾರ್ಗೂ ಗೊತ್ತಿತ್ತು ಕಣಮ್ಮ. ನೀನು ನೊಂದ್ಕಂಬುಡ್ತೀಯ ಅಂತ ಯಾರೂ ಅನ್ನಲಿಲ್ಲ. ಬಿಟ್ಟೋಗಿದ್ ಕಡೆ ಮನೇಲಿ ನಾವೇ ಒಂದೆರಡು ಹಾಕ್ಕಂತಿದ್ವಿ" ಎಂದರು.

ಹೊಸ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಆ ಬ್ಲೌಸನ್ನು ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿದುಕೊಟ್ಟೆ.

ಗಂಡನಿಗೆ ಮಾತ್ರ ಅರವತ್ತೆಂಟರ ವಿಷಯ ಇನ್ನೂ ಹೇಳಿಲ್ಲ. ಮೊನ್ನೆ ಕಿಟಕಿಗೆ ಪರದೆ ಅಳೆಯಿರಿ ಎಂದರೆ, "ನನ್ ಅಳತೆ ನೆಟ್ಟಗಿರಲ್ಲ, ನೀನೇ ನೋಡ್ಕೊ ಕಣೇ" ಎಂದು ಟೇಪು ಚಾಚಿದರು. ನಾನು ಸುಮ್ಮನೆ ಇಸಿದುಕೊಂಡೆ.