ಹಡಗಿನ ಮೂರೋ, ಊರಿನ ಮೂರೋ, ನಿನ್ನ ಮೂರೋ?

ಜನರನ್ನ ಗುಂಪು ಕಟ್ಕೊಂಡು ಊರೂರು ಸುತ್ತಿಸೋನಿಗೆ ಟೈಮಿನ ವಿಷಯದಲ್ಲಿ ದಿನಾ ಏನಾದರೊಂದು ಆಗ್ತಾನೇ ಇರುತ್ತೆ. ಆಗದ ದಿನ ನನಗೇ ಮೈಗೆ ಹುಷಾರಿಲ್ಲವೇನೋ ಅನ್ನಿಸುತ್ತೆ. ನಾನು ಮಧುಗಿರಿಯವನು. ಇಪ್ಪತ್ತು ವರ್ಷದಿಂದ ಬಸ್ಸಿನಲ್ಲಿ ಯಾತ್ರೆ ಕರ್ಕೊಂಡು ಹೋಗೋದೇ ನನ್ನ ಕಸುಬು. ಇದುವರೆಗೂ ಒಬ್ಬರನ್ನೂ ಎಲ್ಲೂ ಬಿಟ್ಟು ಬಂದಿಲ್ಲ. ನನ್ನ ಹೆಸರು ನಿಂತಿರೋದೇ ಆ ಒಂದು ಮಾತಿನ ಮೇಲೆ. ಅಂಥವನಿಗೆ ಹೋದ ವರ್ಷ ತಲೆಗೆ ಏನು ಹೊಕ್ಕಿತೋ, ಹದಿನೆಂಟು ಜನರನ್ನ ಸಿಂಗಾಪುರಕ್ಕೆ ಕರ್ಕೊಂಡು ಹೋಗಿ ಹಡಗು ಹತ್ತಿಸಿಬಿಟ್ಟೆ. ಹೋದಷ್ಟೂ ಜನ ವಾಪಸ್ ಬಂದರೆ ಸಾಕಪ್ಪಾ ದೇವರೇ ಅಂತ ಹೊರಡೋ ದಿನವೇ ಕೈ ಮುಗಿದಿದ್ದೆ.

ಫುಟ್‌ಬೋರ್ಡ್

ಇದು ಹಡಗಿಗಿಂತ ಮುಂಚಿನ ಮಾತು. ಹೇಳದಿದ್ದರೆ ನಮ್ಮ ತಾವರೆಕೆರೆ ಅಜ್ಜಿ ಎಂಥಾದ್ದು ಅಂತ ನಿಮಗೆ ಗೊತ್ತಾಗಲ್ಲ. ಕುರಿ ಸಾಕೋ ಮನೆತನದ್ದು. ವಯಸ್ಸು ಎಪ್ಪತ್ತು ದಾಟಿದೆ, ಗಂಟಲು ಮಾತ್ರ ಇನ್ನೂ ಇಪ್ಪತ್ತರಲ್ಲೇ ಇದೆ.

ಗೊರವನಹಳ್ಳಿ ಮಹಾಲಕ್ಷ್ಮಿ ದರ್ಶನ ಮುಗಿಸಿ ಬಸ್ ಹೊರಡಬೇಕು. ಅಜ್ಜಿ ಒಂದು ಕಾಲು ಫುಟ್‌ಬೋರ್ಡ್ ಮೇಲೆ, ಇನ್ನೊಂದು ಕಾಲು ನೆಲದ ಮೇಲೆ ಇಟ್ಕೊಂಡು ನಿಂತುಬಿಟ್ಟಿತು. ಅದರ ವಾರಗಿತ್ತಿ ಇನ್ನೂ ಪ್ರಸಾದದ ಸಾಲಿನಲ್ಲಿತ್ತು.

"ಅಜ್ಜಿ, ಕಾಲು ತೆಗಿ. ಟೈಮಾಯ್ತು" ಅಂದೆ.

"ಟೈಮು ನಿನಗಾಗೈತೆ ಕಣ್ಲಾ. ಅವಳ್ಗಿನ್ನೂ ಆಗಿಲ್ವಲ್ಲಾ!"

ಡ್ರೈವರ್ ಸಿಟ್ಟಿನಿಂದ ಒಂದೇ ಸಮ ಹಾರನ್ ಹೊಡೆದ. ಅಜ್ಜಿ ಅವನ ಕಡೆ ತಿರುಗಿ ಮೆಚ್ಚುಗೆಯಿಂದ, "ಬಡಿಯಪ್ಪಾ, ಇನ್ನೂ ಜೋರಾಗಿ ಬಡಿ. ಅವಳ್ಗೂ ಕೇಳುಸ್ಲಿ" ಅಂತು.

ರಾಹು

ಹಡಗು ಹತ್ತಿದ್ದು ಭಾನುವಾರ. ಹತ್ತುತ್ತಿದ್ದ ಹಾಗೇ ಎಲ್ಲರಿಗೂ ಹೇಳಿದೆ: ಹಡಗಿನಲ್ಲಿ ನಡೆಯೋದು ಸಿಂಗಾಪುರದ ಟೈಮು. ನಮ್ಮೂರಿಗಿಂತ ಎರಡೂವರೆ ಗಂಟೆ ಮುಂದೆ. ಹಡಗು ಯಾವ ದೇಶಕ್ಕೆ ಹೋದರೂ ಒಳಗಿನ ಗಡಿಯಾರ ಬದಲಾಗಲ್ಲ. ಎಲ್ಲರೂ ತಲೆ ಆಡಿಸಿದರು. ಆಡಿಸೋದಕ್ಕೇನು, ಆಡಿಸ್ತಾರೆ.

ಹೊರಡೋ ಮುಂಚೆ ಎಲ್ಲರನ್ನೂ ಒಂದು ಕಡೆ ಸೇರಿಸಿ, ಅಪಾಯ ಬಂದರೆ ತೊಡೋ ಲೈಫ್ ಜಾಕೆಟ್ ಹಾಕ್ಕೊಳ್ಳೋದು ಕಲಿಸ್ತಾರೆ. ಗೋಡೆ ಗಡಿಯಾರದಲ್ಲಿ ನಾಲ್ಕೂವರೆ. ನಮ್ಮ ಜೊತೆಗಿದ್ದ ಕೊರಟಗೆರೆ ಅಯ್ನೋರು, ಈಶ್ವರನ ಗುಡಿಯ ಪೂಜೆಯವರು, ಜಾಕೆಟ್ ತಿರುಗಿಸಿ ಕೊಟ್ಟರು.

"ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ಜೀವ ಉಳಿಸೋ ಅಂಗೀನೇ ರಾಹುಕಾಲದಲ್ಲಿ ತೊಡು ಅಂದ್ರೆ ಹೆಂಗಪ್ಪಾ?"

ಅವರು ತೊಡಲಿಲ್ಲ ಅಂತ, ತೊಟ್ಟಿದ್ದವರೂ ಒಬ್ಬೊಬ್ಬರಾಗಿ ಬಿಚ್ಚಿದರು. ಕಲಿಸೋಕೆ ಬಂದಿದ್ದ ಹುಡುಗಿ ನನ್ನ ಮುಖ ನೋಡ್ತಾಳೆ. ರಾಹುಕಾಲಕ್ಕೆ ಇಂಗ್ಲಿಷಿನಲ್ಲಿ ಏನಂತಾರೋ ನನಗೆಲ್ಲಿ ಗೊತ್ತು?

ಅಯ್ನೋರು ಕಣ್ಣು ಮುಚ್ಚಿ ಬೆರಳು ಎಣಿಸಿದರು. "ತಡೀರಿ ತಡೀರಿ. ಕೊರಟಗೆರೇಲಿ ಈಗ ಇನ್ನೂ ಎರಡು ಗಂಟೆ. ರಾಹು ಬಂದೇ ಇಲ್ಲ. ಹಾಕ್ಕೊಳ್ರಪ್ಪಾ, ಬೇಗ ಬೇಗ!"

ಹದಿನೆಂಟು ಜನ ಒಂದೇ ಏಟಿಗೆ ತೊಟ್ಟರು. ಅಜ್ಜಿಗೆ ಮಾತ್ರ ಅನುಮಾನ. "ಅಲ್ಲಾ ಅಯ್ನೋರೇ, ನಾವು ಇಲ್ಲಿಗಂಟ ಬಂದಿದೀವಿ. ರಾಹು ಹಿಂದಿಂದೆ ಬರಾಕಿಲ್ವಾ?"

"ಅವನಿಗೆ ಪಾಸ್‌ಪೋರ್ಟ್ ಯಾರಮ್ಮಾ ಮಾಡಿಸಿಕೊಟ್ಟವ್ರೆ?" ಅಂದರು ಅಯ್ನೋರು.

ನನ್ನ ಟೈಮು

ನಮ್ಮ ಜನಕ್ಕೆ ಆರು ಗಂಟೆಗೆ ಬಸ್ಸು ಅಂದರೆ, ಆರಕ್ಕೆ ಸ್ನಾನಕ್ಕೆ ನೀರು ಕಾಯೋಕೆ ಇಡ್ತಾರೆ. ಅದಕ್ಕೇ ನಾನು ಆರನ್ನ ಐದು ಅನ್ನೋದು. ಇಪ್ಪತ್ತು ವರ್ಷದಿಂದ ಇದೇ ಸುಳ್ಳು ಹೇಳ್ಕೊಂಡು ಬಂದಿದೀನಿ, ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ.

ಆವತ್ತು ಊಟ ಏಳಕ್ಕೆ ಇತ್ತು. ಆರಕ್ಕೆ ಅಂದೆ. ಆರಕ್ಕೆ ಬಾಗಿಲಲ್ಲಿ ನಾನೊಬ್ಬನೇ. ಸರಿಯಾಗಿ ಏಳಕ್ಕೆ ಹದಿನೆಂಟು ಜನವೂ ತಲೆ ಬಾಚ್ಕೊಂಡು, ಕುಂಕುಮ ಇಟ್ಕೊಂಡು ಬಂದರು. ಇದೇನು ಪವಾಡ ಅಂತ ನೋಡಿದರೆ, ಪಾವಗಡದ ರಿಟೈರ್ಡ್ ಲೆಕ್ಕದ ಮೇಷ್ಟ್ರು ತಮ್ಮ ರೂಮಿನ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಒಂದು ಹಾಳೆ ಅಂಟಿಸಿದ್ದರು. "ಮನೆಯ ಟೈಮಿಗೆ ಎರಡೂವರೆ ಗಂಟೆ ಕೂಡಿಸಿ. ಮಧುಗಿರಿಯವರು ಹೇಳಿದ ಟೈಮಿಗೆ ಒಂದು ಗಂಟೆ ಕೂಡಿಸಿ."

ನನಗೆ ರೇಗಿಹೋಯ್ತು. "ಏನ್ ಮೇಷ್ಟ್ರೇ, ಹಡಗಿನಲ್ಲಿ ನನ್ನ ಮಾನ ಕಳೀತೀರಲ್ಲ!"

"ಲೆಕ್ಕ ಅಂದ್ರೆ ಲೆಕ್ಕ ಅಬ್ಬಾಯಿ" ಅಂದರು ಪಾವಗಡದ ತೆಲುಗು ಬೆರೆಸಿ, ಒಂದು ಚೂರೂ ನಗದೆ. "ನಿಜಾನೂ ಹಿಡೀಬೇಕು, ನಿನ್ನ ಅಬದ್ಧಾನೂ ಹಿಡೀಬೇಕು."

ಎರಡು ವಾಚು

ಅಜ್ಜಿ ಎಡಗೈಗೆ ಒಂದು ಸ್ಟೀಲ್ ವಾಚ್ ಕಟ್ಟುತ್ತೆ. ಹಡಗಿನ ಟೈಮಿಗೆ ತಿರುಗಿಸ್ತೀನಿ ಕೊಡಜ್ಜಿ ಅಂದರೆ, ಕೈ ಸೆರಗಿನೊಳಗೆ ಹೋಯ್ತು.

"ಮುಟ್ಬ್ಯಾಡ್ಲಾ. ಇದು ಮನೆ ಟೈಮು. ಆರು ಗಂಟೆಗೆ ಕುರಿ ದೊಡ್ಡಿಗೆ ಬತ್ತವೆ. ಎಣಿಸ್ಬೇಕು."

"ಸಮುದ್ರದ ಮಧ್ಯೆ ಕೂತ್ಕೊಂಡು ಕುರಿ ಎಣಿಸ್ತೀಯಾ?"

ಎಣಿಸೇಬಿಟ್ಟಿತು ಕಣ್ರೀ! ಅಜ್ಜಿಯ ವಾಚಿನಲ್ಲಿ ಆರಾಗ್ತಿದ್ದ ಹಾಗೇ ನನ್ನ ಕೈಯಲ್ಲೇ ಮನೆಗೆ ವೀಡಿಯೋ ಕಾಲ್ ಮಾಡಿಸಿತು. ಸೊಸೆ ದೊಡ್ಡಿ ಬಾಗಿಲಲ್ಲಿ ಫೋನ್ ಹಿಡ್ಕೊಂಡು ನಿಂತ್ಕೊಂಡಳು. ಧೂಳಿನಲ್ಲಿ ನನಗೆ ಕುರಿ ಯಾವುದು, ಕಲ್ಲು ಯಾವುದು ಒಂದೂ ತಿಳೀಲಿಲ್ಲ.

"ಎಲ್ಲಾ ಸರಿಯಾಗವೆ ಅತ್ತೆ" ಅಂದಳು ಸೊಸೆ.

"ಏನ್ ಸರಿಯಾಗವೆ? ಮೋಟುಕಿವೀದು ಎಲ್ಲಮ್ಮಾ?"

ಸೊಸೆ ಬೇಲಿ ಹಿಂದೆ ಹೋಗಿ ನೋಡಿದರೆ, ಒಂದು ಕಿವಿ ಮೋಟಾದ ಕುರಿ ಹುಣಸೇಕಾಯಿ ಸಿಪ್ಪೆ ಮೇಯ್ತಾ ನಿಂತಿತ್ತು. ಆ ಕ್ಷಣಕ್ಕೆ ಅಜ್ಜಿ ಮೇಲೆ ನನಗೆ ಎಂಥಾ ಅಭಿಮಾನ ಬಂತು ಅಂದರೆ, ನನ್ನ ವಾಚನ್ನೇ ಬಿಚ್ಚಿ ಅದರ ಬಲಗೈಗೆ ಕಟ್ಟಿಬಿಟ್ಟೆ. ಅದರಲ್ಲಿ ಹಡಗಿನ ಟೈಮು ಇತ್ತು. ನನಗೆ ಫೋನ್ ಇದೆಯಲ್ಲ, ಸಾಕು ಅಂದ್ಕೊಂಡೆ.

ಅಜ್ಜಿ ಎರಡು ಕೈಯನ್ನೂ ಮುಂದೆ ಚಾಚಿ ನೋಡ್ಕೊಂಡಿತು. "ಎಡಕ್ಕೆ ಕುರಿ, ಬಲಕ್ಕೆ ಹಡಗು. ನಿನ್ನ ಮಾತು ನಂಬೋ ಕಷ್ಟ ತಪ್ತು ಬುಡು."

ಒಂದು ಕಮ್ಮಿ

ಹಡಗು ಥಾಯ್ಲೆಂಡಿನ ಫುಕೆಟ್‌ನಲ್ಲಿ ನಿಂತಿತು. ಆ ಊರಿನ ಗಡಿಯಾರ ಹಡಗಿನ ಗಡಿಯಾರಕ್ಕಿಂತ ಒಂದು ಗಂಟೆ ಹಿಂದೆ. ಹಡಗಿನ ಟೈಮು ನಾಲ್ಕೂವರೆಗೆ ಹತ್ತಿ ಇಳಿಯೋ ಮೆಟ್ಟಿಲು ಎತ್ತುತ್ತಾರೆ, ಯಾರಿಗೂ ಕಾಯಲ್ಲ. ನಾನು ಎಲ್ಲರನ್ನೂ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ, "ಮೂರು ಗಂಟೆಗೆ ಎಲ್ಲರೂ ಇಲ್ಲಿರಬೇಕು" ಅಂತ ಕೂಗಿದೆ.

ಅಜ್ಜಿ ಕೇಳಿತು: "ಯಾವ ಮೂರ್ಲಾ? ಹಡಗಿನ ಮೂರೋ, ಈ ಊರಿನ ಮೂರೋ, ನಿನ್ನ ಮೂರೋ?"

"ಹಡಗಿಂದು! ಬಲಗೈ ನೋಡ್ಕೊ!"

ಊರು ಸುತ್ತಿ ಎಲ್ಲರೂ ಬಂದರು. ಹದಿನೆಂಟೂ ತಲೆ ಎಣಿಸಿ ಒಳಗೆ ಕಳಿಸಿದೆ. ಫೋನ್ ನೋಡಿದರೆ ಎರಡೂಕಾಲು. ಆಹಾ! ಮೂರಕ್ಕೆ ಅಂದರೆ ಎರಡೂಕಾಲಿಗೇ ಬಂದಿದ್ದಾರೆ! ಹಡಗು ನಮ್ಮ ಜನಕ್ಕೆ ಎಂಥಾ ಶಿಸ್ತು ಕಲಿಸಿಬಿಡ್ತಪ್ಪಾ ಅಂತ ಎದೆ ಉಬ್ಬಿತು. ಇನ್ನೂ ಎರಡು ಗಂಟೆ ಇದೆಯಲ್ಲ ಅಂತ, ಮನೆಯವಳು ಹೇಳಿದ್ದ ಮಡಿಚೋ ಛತ್ರಿ ತರೋಕೆ ನಿಧಾನಕ್ಕೆ ಹೊರಟೆ. ಛತ್ರಿ ಕೊಂಡೆ. ಒಂದು ಎಳನೀರು ಕುಡಿದೆ. ಚೆನ್ನಾಗಿತ್ತು ಅಂತ ಇನ್ನೊಂದು ಕೊಚ್ಚಿಸಿದೆ. ಅಷ್ಟರಲ್ಲಿ ಮೇಷ್ಟ್ರ ಫೋನು.

"ಏಮಪ್ಪಾ, ಎಲ್ಲಿ ಸತ್ತೆ? ನಾಲ್ಕೂ ಇಪ್ಪತ್ತೈದು!"

"ಇಲ್ಲ ಮೇಷ್ಟ್ರೇ, ಇನ್ನೂ ಮೂರೂ ಇಪ್ಪತ್ತೈದು. ಫೋನಲ್ಲೇ ಇದೆಯಲ್ಲ."

"ಅದು ಈ ಊರಿನ ಟೈಮು ಅಬ್ಬಾಯಿ! ನೆಲಕ್ಕೆ ಕಾಲಿಟ್ಟ ತಕ್ಷಣ ಫೋನು ತಾನೇ ಬದಲಾಯ್ತದೆ! ಪರಿಗೆತ್ತು, ಓಡು!"

ಓಡಿದೆ. ಎರಡು ಎಳನೀರು ಹೊಟ್ಟೆಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೀತಿವೆ. ಹದಿನೆಂಟು ಜನರ ವಾಪಸ್ ವಿಮಾನದ ಟಿಕೆಟ್ಟು ನನ್ನ ಹೆಗಲ ಚೀಲದಲ್ಲಿದೆ. ಅವರು ಸಿಂಗಾಪುರದಲ್ಲಿ ಇಳಿದು ಏನು ಮಾಡ್ತಾರೆ? ಯಾರನ್ನ ಕೇಳ್ತಾರೆ? ನಾನು ಯಾವ ಮುಖ ಇಟ್ಕೊಂಡು ಮಧುಗಿರಿಗೆ ಹೋಗಲಿ? ಒಬ್ಬರನ್ನೂ ಬಿಟ್ಟು ಬರದವನು ತಾನೇ ಉಳ್ಕೊಂಡ ಅಂತ ಬಸ್‌ಸ್ಟ್ಯಾಂಡಿನಲ್ಲಿ ಹೊಟ್ಟೆ ಹಿಡ್ಕೊಂಡು ನಗಲ್ವಾ? ನಿಜ ಹೇಳ್ತೀನಿ, ಅಳು ಬಂತು. ಅಷ್ಟರಲ್ಲಿ ಹಡಗು ಭೋಂ ಅಂತ ಕೂಗಿತು.

ಬಂದರಿನ ತಿರುವು ದಾಟಿ ನೋಡ್ತೀನಿ, ಮೆಟ್ಟಿಲು ಇನ್ನೂ ಎತ್ತಿಲ್ಲ! ಎತ್ತೋದು ಹೇಗೆ? ನಮ್ಮ ತಾವರೆಕೆರೆ ಅಜ್ಜಿ ಒಂದು ಕಾಲು ಕೆಳಗಿನ ಮೆಟ್ಟಿಲ ಮೇಲೆ, ಇನ್ನೊಂದು ಕಾಲು ಸಿಮೆಂಟು ನೆಲದ ಮೇಲೆ ಊರ್ಕೊಂಡು ನಿಂತಿದೆ. ಬಿಳೀ ಬಟ್ಟೆಯ ಇಬ್ಬರು ಆಫೀಸರ್‌ಗಳು ಅದರ ಮುಂದೆ ಕೈ ಜೋಡಿಸ್ತಾ ಇದ್ದಾರೆ. ಒಬ್ಬ ತನ್ನ ವಾಚು ತೋರಿಸಿದರೆ ಅಜ್ಜಿ ತನ್ನ ಎರಡೂ ವಾಚು ತೋರಿಸುತ್ತೆ.

"ಎಣಿಸ್ದೆ ಕಣಪ್ಪಾ. ಹತ್ತೊಂಬತ್ತು ಬಂದೋ, ಒಳಗೆ ಹದಿನೆಂಟೇ ಅವೆ. ಒಂದು ಕಮ್ಮಿ. ಬತ್ತಾನೆ, ವಸಿ ತಡಿ!"

ಮೇಲೆ ಕಟಕಟೆಯಲ್ಲಿ ಉಳಿದ ಹದಿನೇಳು ಜನ ನಿಂತ್ಕೊಂಡು, ಬಸ್ಸಿನ ತಗಡು ಬಡಿಯೋ ಹಾಗೆ ಕಂಬಿ ಬಡೀತಾ "ಹೋಲ್ಡಾನ್! ಹೋಲ್ಡಾನ್!" ಅಂತ ಕೂಗ್ತಾ ಇದ್ದಾರೆ. ಅಯ್ನೋರಂತೂ ಎರಡೂ ಕೈಯಲ್ಲಿ ಬಡೀತಿದ್ದರು. ಅವರನ್ನ ನೋಡಿ ಬೇರೆ ದೇಶದವರೂ ಏನು ಎತ್ತ ಅಂತ ಗೊತ್ತಿಲ್ಲದೇ "ಹೋಲ್ಡಾನ್" ಅಂತಿದ್ದರು.

ಛತ್ರಿ ಸಮೇತ ಹೋಗಿ ಅಜ್ಜಿ ಕಾಲಿಗೆ ಬೀಳೋಕೆ ಬಗ್ಗಿದೆ.

"ಮೊದ್ಲು ಹತ್ಲಾ. ಆಮ್ಯಾಕೆ ಬೀಳೀವಂತೆ" ಅಂತ ರಟ್ಟೆ ಹಿಡಿದು ಮೇಲಕ್ಕೆ ನೂಕಿತು.

ಏದುಸಿರು ಬಿಡ್ತಾ ಒಳಗೆ ಕಾಲಿಟ್ಟೆ. ಅಜ್ಜಿ ಅವಸರವೇ ಇಲ್ಲದೆ ನನ್ನ ಹಿಂದೆ ಹತ್ತಿ ಬಂತು. ಬಾಗಿಲಲ್ಲಿ ನಿಂತು, ಹಡಗಿನ ಕಬ್ಬಿಣದ ಮೈಯನ್ನ ಅಂಗೈಯಲ್ಲಿ ದಬ ದಬ ಅಂತ ಎರಡು ಸಲ ಬಡೀತು. ಆಮೇಲೆ ಕ್ಯಾಪ್ಟನ್ನಿಗೆ ಕೇಳೋ ಹಾಗೆ, ಬಹುಶಃ ತಾವರೆಕೆರೆಗೂ ಕೇಳೋ ಹಾಗೆ ಕೂಗಿತು:

"ಮೋಟುಕಿವೀದು ಸಿಕ್ತು! ರೈಟ್, ರೈಟ್!"

ಹಡಗು ಹೊರಟಿತು.